ಉಳಿದ ವಿದ್ಯುತ್ತು, ಬಳಲಿದ ಕಣ್ಣು

ವಿದ್ಯುತ್ ಉಳಿತಾಯವೆಂಬುದು ಈಗ ಯಾರೂ ಪ್ರಶ್ನಿಸಲಾಗದ ಪುಣ್ಯಕಾರ್ಯಗಳ ಸಾಲಿಗೆ ಸೇರಿದೆ. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯಡಿ ದೇಶದಲ್ಲಿ 36 ಕೋಟಿಗೂ ಮೀರಿ ಎಲ್‌ಇಡಿ ಬಲ್ಬುಗಳು ವಿತರಣೆಯಾದವು. ಇದು ಅಲ್ಪ ಸಾಧನೆಯೇನೂ ಅಲ್ಲ. ಕಾರ್ಖಾನೆಗಳೂ ಹಳೆಯ ಟ್ಯೂಬ್‌ಲೈಟುಗಳನ್ನು ಕಿತ್ತು ಹೊಸ ದೀಪಗಳನ್ನು ತೂಗುಹಾಕುತ್ತಿವೆ. ಇದಕ್ಕೆ ನನ್ನ ವಿರೋಧವಿಲ್ಲ. ನನ್ನ ತಕರಾರು ಇರುವುದು ಈ ಬದಲಾವಣೆಯನ್ನು ಅಳೆಯುವ ಕೋಲಿನ ಬಗ್ಗೆ.

ಕೇಂದ್ರ ಸರಕಾರದ ನೌಕರಿಯಲ್ಲಿ ಕಡತಗಳ ನಡುವೆಯೇ ತಲೆ ನರೆತವನು ನಾನು. ಇಂಥ ಪ್ರಸ್ತಾವಗಳಲ್ಲಿ ನಾನು ಕಂಡ ಲೆಕ್ಕ ಒಂದೇ ಬಗೆಯದು. ಹಳೆಯ ದೀಪ ಎಷ್ಟು ವಾಟ್, ಹೊಸದು ಎಷ್ಟು, ಯೂನಿಟ್ಟಿಗೆ ದರವೆಷ್ಟು, ಹಾಕಿದ ಹಣ ಎಷ್ಟು ತಿಂಗಳಲ್ಲಿ ಮರಳೀತು. ಆಮೇಲೆ ಟೆಂಡರು, ಎಲ್ಲಕ್ಕಿಂತ ಕಡಿಮೆ ದರ ನಮೂದಿಸಿದವನಿಗೆ ಗುತ್ತಿಗೆ. ಆ ದೀಪದ ಕೆಳಗೆ ದಿನವಿಡೀ ಕುಳಿತವಳಿಗೆ ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರ ಕಾಣಿಸುತ್ತದೆಯೇ ಎಂಬ ಪ್ರಶ್ನೆಗೆ ಆ ತಖ್ತೆಯಲ್ಲಿ ಸ್ಥಳವಿಲ್ಲ.

ಈ ಮರೆವು ಹೊಸತಲ್ಲವೆಂಬುದು ಮುಂಬಯಿಯಲ್ಲಿ ನೆಲೆಸಿದ ನಮಗಾದರೂ ತಿಳಿದಿರಬೇಕು. ಇಲ್ಲಿಯ ಹತ್ತಿ ಗಿರಣಿಗಳ ಗರಗಸದ ಹಲ್ಲಿನಂಥ ಮಾಡುಗಳನ್ನು ಹಿರಿಯ ಓದುಗರು ಬಲ್ಲರು. ಹಲ್ಲಿನ ಕಡಿದಾದ ಮುಖಕ್ಕೆ ಉತ್ತರ ದಿಕ್ಕಿಗೆ ತೆರೆದ ಗಾಜು. ನೇರ ಬಿಸಿಲು ಒಳಬಾರದೆ ಆಕಾಶದ ತಂಪು ಬೆಳಕು ಮಗ್ಗದ ಮೇಲೆ ಸಮನಾಗಿ ಬೀಳುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಗಿರಣಿಗಳಿಗೆ ವಿದ್ಯುದ್ದೀಪ ಬಂದಾಗ ಆದದ್ದೇನು? ಅಲ್ಲಿಯವರೆಗೆ ಸೂರ್ಯಾಸ್ತವೇ ಕೆಲಸಗಾರನ ದುಡಿಮೆಗೆ ಗಡಿಯಾಗಿತ್ತು. ದೀಪ ಹೊತ್ತಿದ್ದೇ ತಡ, ದುಡಿಮೆಯ ದಿನ 14–15 ಗಂಟೆಗಳಿಗೆ ಹಿಗ್ಗಿತು. 1905ರಲ್ಲಿ ಕಾರ್ಮಿಕರು ಇದರ ವಿರುದ್ಧ ಸಿಡಿದೆದ್ದರು. ಸಮಿತಿ, ಆಯೋಗಗಳೆಲ್ಲ ಮುಗಿದು, ಬಟ್ಟೆ ಗಿರಣಿಯ ವಯಸ್ಕ ಗಂಡಾಳಿಗೆ ದಿನಕ್ಕೆ 12 ಗಂಟೆಯ ಮಿತಿ ದೊರೆತದ್ದು 1911ರ ಕಾಯಿದೆಯಲ್ಲಿ. ಅಂದು ದೀಪ ಬಂದದ್ದು ದುಡಿಮೆಯನ್ನು ಹಿಗ್ಗಿಸಲು. ಇಂದು ಬದಲಾಗುತ್ತಿರುವುದು ಬಿಲ್ಲನ್ನು ಕುಗ್ಗಿಸಲು. ದುಡಿಯುವವರ ಕಣ್ಣಿಗಾಗಿ ದೀಪ ಹಚ್ಚುವ ಕಾಲ ಇನ್ನೂ ಬರಬೇಕಾಗಿದೆ.

ಕಾಯಿದೆ ಈ ವಿಷಯದಲ್ಲಿ ಮೂಕವಾಗಿರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ 17ನೆಯ ಕಲಮು ಸಾಕಷ್ಟು ಮತ್ತು ತಕ್ಕುದಾದ ಬೆಳಕನ್ನು ಕಡ್ಡಾಯಗೊಳಿಸಿತ್ತು. ಕಿಟಕಿಗಾಜುಗಳು ಒಳಹೊರಗೆ ಶುಭ್ರವಾಗಿರಬೇಕು, ಕಣ್ಣು ಕುಕ್ಕುವ ಪ್ರಖರತೆಯಾಗಲಿ ಅಪಾಯ ತರುವ ನೆರಳಾಗಲಿ ಇರದಂತೆ ನೋಡಿಕೊಳ್ಳಬೇಕು ಎಂದೂ ವಿಧಿಸಿತ್ತು. ಈ ಕಾಯಿದೆಯ ಸ್ಥಾನಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ 2020ರ ಸಂಹಿತೆಯಲ್ಲಿ ಬೆಳಕು ಸಾಕಷ್ಟಿರಬೇಕೆಂಬ ಎರಡು ಪದಗಳಷ್ಟೇ ನಿಂತಿವೆ. ವಿವರವೆಲ್ಲ ನಿಯಮಗಳ ಪಾಲು. ‘ಸಾಕಷ್ಟು’ ಎಂದರೆ ಎಷ್ಟು, ಯಾರಿಗೆ ಸಾಕು?

ವಾಟ್ ಎಂಬುದು ದೀಪ ನುಂಗುವ ವಿದ್ಯುತ್ತಿನ ಅಳತೆ. ಲಕ್ಸ್ ಎಂಬುದು ಕೆಲಸದ ಮೇಲೆ ಬೀಳುವ ಬೆಳಕಿನ ಅಳತೆ. 40 ವಾಟಿನ ಹಳೆಯ ಟ್ಯೂಬು ತನ್ನ ಚೋಕು ಸೇರಿ 50 ವಾಟಿಗೂ ಹೆಚ್ಚು ಎಳೆಯುತ್ತಿತ್ತು. 20 ವಾಟಿನ ಎಲ್‌ಇಡಿ ಅದರ ಕೆಲಸ ಮಾಡಬಲ್ಲದು. ಆದರೆ ಮಾಡಿನ ಎತ್ತರಕ್ಕೆ ಕಟ್ಟಿದ ದೀಪದ ಬೆಳಕಿನಲ್ಲಿ ಸೂಜಿಯ ಬುಡಕ್ಕೆ ಮುಟ್ಟುವುದೆಷ್ಟು? 2002ರ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 8995 ಹೊಲಿಗೆಗೆ 750 ಲಕ್ಸ್ ಸೂಚಿಸಿತ್ತು. ವಯಸ್ಸು ನಲವತ್ತು ದಾಟಿದ ಕಣ್ಣಿಗೆ ಇನ್ನೂ ಹೆಚ್ಚು ಬೇಕು. ಅಗ್ಗದ ದೀಪ ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿನುಗುತ್ತದೆ. ಅಂಥ ಬೆಳಕಿನಲ್ಲಿ ತಿರುಗುತ್ತಿರುವ ಲೇತು ನಿಂತಂತೆ ತೋರಬಹುದು. ನಿಂತಿದೆಯೆಂದು ನಂಬಿ ಚಾಚಿದ ಕೈಯ ಬೆಲೆಯನ್ನು ಯಾವ ಟೆಂಡರಿನಲ್ಲಿ ಸೇರಿಸೋಣ?

ಇದೆಲ್ಲ ಭಾವುಕತೆ, ಉದ್ಯಮ ನಡೆಯುವುದು ಲೆಕ್ಕದ ಮೇಲೆ ಎನ್ನುವವರಿಗೆ ಲೆಕ್ಕವನ್ನೇ ಕೊಡೋಣ. ಬೆಂಗಳೂರಿನ ಸುತ್ತಲಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಎಲ್‌ಇಡಿ ಬಂದಾಗ ಏನಾಯಿತೆಂಬುದನ್ನು ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದರು. ಬಿಸಿ ಏರಿದ ದಿನಗಳಲ್ಲಿ ಕುಸಿಯುತ್ತಿದ್ದ ಉತ್ಪಾದನೆ, ಕಡಿಮೆ ಕಾವು ಸೂಸುವ ಈ ದೀಪಗಳಿಂದ ಚೇತರಿಸಿಕೊಂಡಿತು. ಸರಾಸರಿ ಕಾರ್ಖಾನೆಗೆ ವಿದ್ಯುತ್ತಿನಿಂದ ಉಳಿದದ್ದು ಸುಮಾರು 2,880 ಡಾಲರ್; ಉತ್ಪಾದನೆಯಿಂದ ಗಳಿಸಿದ್ದು ಸುಮಾರು 7,500 ಡಾಲರ್. ಹಾಕಿದ ಹಣ ಮರಳುವ ಅವಧಿ ಆರನೆಯ ಒಂದು ಭಾಗದಷ್ಟಕ್ಕೆ ಇಳಿಯಿತು. ಅಂದರೆ, ಬರಿಯ ವಾಟ್ ಎಣಿಸುವ ಲೆಕ್ಕಿಗ ಲಾಭದ ದೊಡ್ಡ ಪಾಲನ್ನೇ ಕಾಣದೆ ಕುಳಿತಿದ್ದಾನೆ. ಆ 7,500 ಡಾಲರಿನಲ್ಲಿ ಹೊಲಿದವಳ ಪಾಲೆಷ್ಟೆಂಬ ಪ್ರಶ್ನೆಯನ್ನೂ ನಾನು ಬಿಡಲಾರೆ.

ಭಿವಂಡಿಯ ಪವರ್‌ಲೂಮ್ ಶೆಡ್ಡಿನ, ಧಾರಾವಿಯ ಮಾಳಿಗೆಯ ಸಣ್ಣ ಮಾಲೀಕನ ಬಳಿ ಹಣವಿಲ್ಲವೆಂಬ ಮಾತು ಸುಳ್ಳಲ್ಲ. ಆದರೆ ಗೋಡೆಗೆ ಸುಣ್ಣ ಬಳಿಯುವುದಕ್ಕೆ, ದೀಪದ ಮೇಲಿನ ಹತ್ತಿಧೂಳು ಒರೆಸುವುದಕ್ಕೆ, ಮಾಡಿನಲ್ಲಿ ನಾಲ್ಕು ಪಾರದರ್ಶಕ ತಗಡು ಕೂರಿಸುವುದಕ್ಕೆ ಬ್ಯಾಂಕಿನ ಸಾಲ ಬೇಕಿಲ್ಲ. ‘ಕೆಲಸಗಾರರು ದೂರುವುದೇ ಇಲ್ಲವಲ್ಲ’ ಎಂಬ ಇನ್ನೊಂದು ಸಬೂಬು ಹೆಚ್ಚು ಕ್ರೂರವಾದುದು. ಪೀಸಿನ ಲೆಕ್ಕದಲ್ಲಿ ಕೂಲಿ ಪಡೆಯುವವಳು ದೂರುವ ಬದಲು ಬೆಳಕು ಬಿದ್ದಲ್ಲಿಗೆ ಬಾಗುತ್ತಾಳೆ. ಬಾಗಿದ ಬೆನ್ನು ಯಾವ ದೂರುಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಹೊರನಾಡಿನಲ್ಲಿ ಕುಳಿತು ನಾವು ನಾಡುನುಡಿಯ ಚಿಂತೆಯನ್ನು ಸಾಕಷ್ಟು ಮಾಡುತ್ತೇವೆ, ಮಾಡಬೇಕಾದದ್ದೇ. ಆದರೆ ಮಂಡ್ಯ, ರಾಮನಗರದ ಹಳ್ಳಿಗಳಿಂದ ನಸುಕಿನಲ್ಲೇ ಬಸ್ಸು ಹತ್ತಿ ಜಗತ್ತಿಗೆಲ್ಲ ಅಂಗಿ ಹೊಲಿಯಲು ಹೊರಡುವ ಹೆಣ್ಣುಮಕ್ಕಳ ಕಣ್ಣು ಕನ್ನಡದ ಪ್ರಶ್ನೆಯಲ್ಲವೇ? ಪರೇಲಿನ ಗಿರಣಿಯ ಜಾಗದಲ್ಲಿ ಎದ್ದ ಮಾಲುಗಳಲ್ಲಿ ತೂಗುಹಾಕಿದ ಅಂಗಿಯ ಮೇಲೆ ಬೀಳುವ ಬೆಳಕಿನಷ್ಟಾದರೂ ಅದನ್ನು ಹೊಲಿದ ಕೈಗಳ ಮೇಲೆ ಬೀಳಬೇಡವೇ?

ನನ್ನ ಬೇಡಿಕೆಗಳು ಸರಳ. ನಿಯಮಗಳಲ್ಲಿ ‘ಸಾಕಷ್ಟು’ ಎಂಬ ಪದದ ಜಾಗದಲ್ಲಿ ಆಯಾ ಕೆಲಸಕ್ಕೆ ತಕ್ಕ ಲಕ್ಸ್ ಅಂಕಿಯಿರಲಿ. ಅಳತೆ ಮಾಡಿನ ಕೆಳಗಲ್ಲ, ಸೂಜಿಯ ಬುಡದಲ್ಲಿ, ಕಾರ್ಮಿಕರ ಪ್ರತಿನಿಧಿಯ ಸಮಕ್ಷಮ ನಡೆಯಲಿ. ಅಂಕಿಯನ್ನು ಗೋಡೆಯ ಮೇಲೆ ಅವರ ಭಾಷೆಯಲ್ಲಿ ಬರೆಯಲಿ. ಸರಕಾರಿ ಟೆಂಡರುಗಳು ದರದ ಜೊತೆಗೆ ಮಿನುಗು, ಪ್ರಖರತೆಗಳನ್ನೂ ಪರೀಕ್ಷಿಸಲಿ. ಅಲ್ಲಿಯವರೆಗೆ ಉಳಿತಾಯದ ಪ್ರಶಸ್ತಿಪತ್ರಗಳನ್ನು ಹಂಚುವ ಕೈಗಳು ಒಮ್ಮೆ ಆ ದೀಪದಡಿಯಲ್ಲೇ ಕುಳಿತು ಸೂಜಿಗೆ ದಾರ ಪೋಣಿಸಿ ನೋಡಲಿ.