ಕೂಸಿಗೆ ಮೊದಲೇ ಕುಲಾವಿ, ಫಲಿತಾಂಶಕ್ಕೆ ಮೊದಲೇ ಸೀಟು!

ಡಿಸೆಂಬರ್ ಬಂತೆಂದರೆ ಭಾವಿಕೇರಿಯಂಥ ಊರುಗಳ ಉಳ್ಳವರ ಮನೆಗಳಲ್ಲಿ ಫೋನು ಬಡಿದುಕೊಳ್ಳತೊಡಗುತ್ತದೆ. ಮಗ ಪಿಯುಸಿ ಎರಡನೇ ವರ್ಷ. ಪೂರ್ವಸಿದ್ಧತಾ ಪರೀಕ್ಷೆ ಸಹ ಆಗಿರುವುದಿಲ್ಲ. ಆ ಕಡೆಯಿಂದ ಬೆಂಗಳೂರಿನ ಏಜೆಂಟ ಉಸುರುತ್ತಾನೆ: ‘ನಾಯಕ್ರೇ, ಕಂಪ್ಯೂಟರ್ ಸೈನ್ಸಿನಲ್ಲಿ ನಾಲ್ಕೇ ಸೀಟು ಉಳಿದಿದೆ. ಈಗ ಮುಂಗಡ ಕೊಟ್ಟರೆ ಉಂಟು. ರಿಸಲ್ಟ್ ಬಂದ ಮೇಲೆ ನನ್ನ ಕೇಳಬೇಡಿ.’

ಒಳಗಿಂದ ಮನೆಯಾಕೆಯ ದನಿ: ‘ದುಡ್ಡಿದ್ದಾಗ ಹಿಡ್ಕಂಡ್ ಬಿಡೂದೇ ಚೊಲೋ. ಆಮೇಲೆ ಯಾರ ಕಾಲ್ ಹಿಡೂದು?’

ಮಾತಿನಲ್ಲಿ ತಪ್ಪೇನಿದೆ? ಕೈಯಲ್ಲಿ ಹಣವಿದೆ, ಮಗನ ಭವಿಷ್ಯದ ಪ್ರಶ್ನೆ. ಕೊಡಲಾಗದವನು ಕಾಯಲಿ, ಕೊಡಬಲ್ಲವನು ಯಾಕೆ ಕಾಯಬೇಕು? ಕೇಳುವುದಕ್ಕೆ ಸರಿಯೇ. ಆದರೆ ಈ ಮುಂಗಡದಿಂದ ನಿಜಕ್ಕೂ ಲಾಭ ಯಾರಿಗೆ ಎಂಬ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ರಾಜ್ಯದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನೂರರಲ್ಲಿ 45 ಸೀಟು ಸಿಇಟಿಯವರಿಗೆ, 30 ಕಾಮೆಡ್-ಕೆಯವರಿಗೆ, ಉಳಿದ 25 ಆಡಳಿತ ಮಂಡಳಿಯ ಕೈಯಲ್ಲಿ. ಏಜೆಂಟ ಮಾರುವುದು ಈ ಕೊನೆಯ 25ರ ಪಾಲನ್ನು. ಅದೇ ಬೆಂಚು, ಅದೇ ಮೇಷ್ಟ್ರು, ಅದೇ ಪದವಿ; ಶುಲ್ಕ ಮಾತ್ರ ಸಿಇಟಿ ಹುಡುಗನದರ ಹಲವು ಪಟ್ಟು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಎರಡೂ ಗೊತ್ತಾಗುವ ಮೊದಲೇ ಹಣ ಕಟ್ಟುವ ಅಪ್ಪ, ಮಗನಿಗೆ ರ‍್ಯಾಂಕು ಬರುವುದಿಲ್ಲ ಎಂದು ತಾನೇ ಪಣ ಕಟ್ಟಿದಂತೆ! ಓದುವ ಹುಡುಗನಿಗೆ ಇದು ತಿಳಿಯದೆ ಇರುತ್ತದೆಯೇ? ಸೀಟು ಆಗಿಹೋಯಿತು ಎಂದ ಮೇಲೆ ಪುಸ್ತಕದ ಮೇಲಿನ ಕೈ ಸಡಿಲಾದರೆ ಅವನನ್ನು ದೂರಿ ಫಲವಿಲ್ಲ.

ಇನ್ನೊಂದು ಸಂಗತಿ. ಪ್ರತಿ ವರ್ಷ ರಾಜ್ಯದಲ್ಲಿ ಸಾವಿರಾರು ಇಂಜಿನಿಯರಿಂಗ್ ಸೀಟುಗಳು ಕೇಳುವವರಿಲ್ಲದೆ ಖಾಲಿ ಬೀಳುತ್ತವೆ. ಹಾಗಿದ್ದರೆ ಭಯ ಇರಬೇಕಾದ್ದು ಯಾರಿಗೆ? ನಾಲ್ಕು ವರ್ಷ ಪೂರ್ತಿ ಶುಲ್ಕ ಕಟ್ಟಬಲ್ಲ ಕುಟುಂಬವೆಂದರೆ ಕಾಲೇಜಿಗೆ ಮನೆಬಾಗಿಲಿಗೆ ಬಂದ ಲಕ್ಷ್ಮಿ. ಆ ಕುಟುಂಬದ ಬಲ ಇರುವುದೇ ಕಾದು, ನಾಲ್ಕು ಕಡೆ ನೋಡಿ, ತೂಗಿ ಆರಿಸುವುದರಲ್ಲಿ. ಡಿಸೆಂಬರಿನಲ್ಲೇ ಹಣ ಕೊಟ್ಟವನು ಆ ಬಲವನ್ನು ಏಜೆಂಟನ ಕೈಗೆ ಕೊಟ್ಟು ಬಂದ ಹಾಗೆ. ಕಾಲೇಜಿನ ಭಯವನ್ನು ಪಾಲಕರ ತಲೆಗೆ ದಾಟಿಸುವುದೇ ಏಜೆಂಟನ ಕಸುಬು.

ಇದು ಇಲ್ಲಿನ ಕತೆ ಮಾತ್ರವಲ್ಲ. ಅಮೆರಿಕದ ಅನೇಕ ಕಾಲೇಜುಗಳಲ್ಲಿ ನವೆಂಬರಿನಲ್ಲೇ ಅರ್ಜಿ ಹಾಕಿ, ‘ಸೀಟು ಕೊಟ್ಟರೆ ಇಲ್ಲಿಗೇ ಬರುತ್ತೇನೆ’ ಎಂದು ಬರೆದುಕೊಡುವ ಪದ್ಧತಿಯಿದೆ. ಶುಲ್ಕ ಎಷ್ಟಾದರೂ ಸೈ ಎನ್ನುವವರಿಗೆ ಅದು ಸಲೀಸು. ಯಾವ ಕಾಲೇಜು ಎಷ್ಟು ನೆರವು ಕೊಟ್ಟೀತು ಎಂದು ಹೋಲಿಸಿ ನೋಡಬೇಕಾದವರಿಗೆ ಕಷ್ಟ. ಅಲ್ಲಿ ಅದು ಕಾಗದದ ಮೇಲಾದರೂ ನಡೆಯುತ್ತದೆ. ಇಲ್ಲಿ ರಸೀದಿಯ ಲೆಕ್ಕ ಒಂದು, ಕೈಯಿಂದ ಕೈಗೆ ಹೋಗುವ ಲೆಕ್ಕ ಇನ್ನೊಂದು.

ಕಾನೂನು ಇಲ್ಲದೆ ಇಲ್ಲ. ಕ್ಯಾಪಿಟೇಶನ್ ಹಣ ನಿಷೇಧಿಸಿ ರಾಜ್ಯ 1984ರಲ್ಲೇ ಕಾಯ್ದೆ ಮಾಡಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಛೀಮಾರಿ ಹಾಕಿತು. ಅದು ಕರ್ನಾಟಕದ್ದೇ ಪ್ರಕರಣ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂತು, 1994ರಿಂದ ಸಿಇಟಿ ಶುರುವಾಯಿತು. 2002ರ ಟಿ.ಎಂ.ಎ. ಪೈ ತೀರ್ಪು ಖಾಸಗಿಯವರಿಗೆ ಮತ್ತೆ ಸ್ವಾತಂತ್ರ್ಯ ಕೊಟ್ಟರೂ ಕ್ಯಾಪಿಟೇಶನ್ನಿಗೆ ಒಪ್ಪಿಗೆ ಕೊಡಲಿಲ್ಲ. ಬಾಗಿಲು ಮುಚ್ಚಿದಷ್ಟೂ ಕಿಂಡಿ ಹುಟ್ಟಿತು. 2024ರಲ್ಲಿ ಇಂಜಿನಿಯರಿಂಗ್ ‘ಸೀಟ್ ಬ್ಲಾಕಿಂಗ್’ ಹಗರಣ ಹೊರಬಿದ್ದು ಬೆಂಗಳೂರಿನಲ್ಲಿ ಪೊಲೀಸ್ ಕೇಸು, ಬಂಧನ ಎಲ್ಲ ಆಯಿತು. ಸಿಇಟಿ ಸೀಟನ್ನು ಯಾರದೋ ಹೆಸರಲ್ಲಿ ಹಿಡಿದು, ಕಾಲೇಜಿಗೆ ಸೇರದೆ ಖಾಲಿ ಬೀಳಿಸಿ, ಕೊನೆಗೆ ಮಾರಾಟಕ್ಕೆ ಒದಗಿಸಿದರೆಂಬುದು ಆರೋಪ. ಹೀಗೆ ಖಾಲಿ ಬೀಳುವ ಸೀಟು ಮುಂದಿನ ರ‍್ಯಾಂಕಿನ ಬಡವರ ಮನೆಯ ಹುಡುಗಿಯದಾಗಿರಬಹುದು.

ಈ ಜಿಲ್ಲೆಗೆ ಇನ್ನೊಂದು ದಾರಿಯೂ ಗೊತ್ತಿತ್ತು. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಎದ್ದು ನಿಂತಿತು. ಅದೇ ವರ್ಷ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. 1966ರಲ್ಲಿ ಅಂಕೋಲೆಗೆ ಗೋಖಲೆ ಸೆಂಟೆನರಿ ಕಾಲೇಜು ಬಂತು. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ಪದವಿ ಪಡೆಯುವುದು ಆಗ ಸಾಧ್ಯವಾಯಿತು. ಇಂದು ಕಾರವಾರದಲ್ಲಿ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಸರಕಾರಿ ಮೆಡಿಕಲ್ ಕಾಲೇಜಿದೆ. ಆದರೂ ಬೆಂಗಳೂರಿನ ಏಜೆಂಟನ ಮಾತಿಗಿರುವ ಬೆಲೆ ಅವಕ್ಕಿಲ್ಲ!

ಹಾಗಂತ ಹಣ ಕೊಟ್ಟು ಓದಿಸುವುದೇ ಪಾಪವೆಂದು ಯಾರೂ ಹೇಳಬೇಕಾಗಿಲ್ಲ. ಹುಡುಗನಿಗೆ ನಿಜವಾದ ಒಲವಿದೆ, ಕಾಲೇಜು ಒಳ್ಳೆಯದು, ರ‍್ಯಾಂಕು ಬರುವ ಭರವಸೆ ಕಡಿಮೆ, ಮನೆಗೆ ತ್ರಾಣವಿದೆ ಎಂದಾದರೆ ಸೇರಿಸಲಿ. ಆದರೆ ಹಣ ಕಾಲೇಜಿನ ಹೆಸರಿಗೆ ಬ್ಯಾಂಕಿನ ಮೂಲಕವೇ ಹೋಗಲಿ, ರಸೀದಿ ಬರಲಿ. ನಾಲ್ಕೂ ವರ್ಷದ ಹಣ ಒಟ್ಟಿಗೆ ಬೇಡ. ಅಸಲು ಅಂಕಪಟ್ಟಿ ಒತ್ತೆ ಇಡುವುದಂತೂ ಬೇಡವೇ ಬೇಡ. ಕೋರ್ಸು ಶುರುವಾಗುವ ಮೊದಲೇ ಸೀಟು ಬಿಟ್ಟರೆ, ಸಾವಿರ ರೂಪಾಯಿ ಮೀರದ ಖರ್ಚು ಮುರಿದುಕೊಂಡು ಉಳಿದುದನ್ನು ಹಿಂದಿರುಗಿಸಬೇಕೆಂದು ಎಐಸಿಟಿಇ ನಿಯಮವೇ ಹೇಳುತ್ತದೆ. ರಸೀದಿಯಿಲ್ಲದ ಹಣಕ್ಕೆ ಯಾವ ನಿಯಮವೂ ಇಲ್ಲ. ಮುಂಗಡ ಕೊಟ್ಟರೂ ಸಿಇಟಿ, ಕಾಮೆಡ್-ಕೆ ಎರಡನ್ನೂ ಹುಡುಗ ಮನಸ್ಸಿಟ್ಟು ಬರೆಯಲಿ.

ಮೆಡಿಕಲ್ ಸೀಟು ‘ಬುಕ್’ ಮಾಡಿಸುತ್ತೇನೆ ಎನ್ನುವವನಿಗೆ ಮಾತ್ರ ಮಜ್ಜಿಗೆ ಕೊಟ್ಟು ಕಳಿಸುವುದೇ ಲೇಸು. ನೀಟ್ ಪಾಸಾಗದೆ ಆ ಸೀಟಿಲ್ಲ. ಮ್ಯಾನೇಜ್‌ಮೆಂಟ್ ಸೀಟಿನ ಹಂಚಿಕೆಯೂ ಈಗ ಸರಕಾರಿ ಕೌನ್ಸೆಲಿಂಗಿನಲ್ಲೇ ನಡೆಯುತ್ತದೆ. ಅದಕ್ಕೆ ಮುಂಗಡ ಪಡೆಯುವವನು ತನ್ನ ಕೈಯಲ್ಲಿಲ್ಲದ ವಸ್ತುವನ್ನು ಮಾರುತ್ತಾನೆ.

ಅಲಗೇರಿ, ಭಾವಿಕೇರಿ ಸೀಮೆಯಲ್ಲಿ ವಿಮಾನ ನಿಲ್ದಾಣಕ್ಕೆಂದು ಗದ್ದೆ, ಬೇಣ ಬಿಡಬೇಕಾಗಿ ಬಂದವರಿದ್ದಾರೆ. ಪರಿಹಾರದ ಹಣ ಪಗಾರದಂತೆ ತಿಂಗಳು ತಿಂಗಳು ಬರುವಂಥದಲ್ಲ. ಗದ್ದೆ ಒಂದೇ ಸಲ ಹೋಗುತ್ತದೆ, ಹಣ ಒಂದೇ ಸಲ ಬರುತ್ತದೆ. ಅದರ ವಾಸನೆ ಹಿಡಿಯುವುದರಲ್ಲಿ ಏಜೆಂಟರು ಬಲು ಚುರುಕು. ತಾಲೂಕಿನ ಪಿಯು ಕಾಲೇಜುಗಳು ಜನವರಿಯೊಳಗೆ ಒಂದು ಸಂಜೆ ಪಾಲಕರನ್ನು ಕರೆದು ಈ ಸೀಟು, ಶುಲ್ಕ, ನಿಯಮಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರೆ ಎಷ್ಟೋ ಮನೆಯ ಹಣ ಉಳಿದೀತು.

ಭತ್ತ ಹೊಡೆ ಬಿಡುವ ಮೊದಲೇ ಪೈರನ್ನು ವ್ಯಾಪಾರಿಗೆ ಮಾರುವವನನ್ನು ಊರು ಜಾಣ ಎನ್ನುವುದಿಲ್ಲ. ಮಗನ ವಿಷಯದಲ್ಲೂ ಫಲಿತಾಂಶದವರೆಗೆ ನಾಲ್ಕಾರು ತಿಂಗಳು ತಡೆದರೆ ಏನು ಗಂಟು ಹೋಗುತ್ತದೆ?