ಪರಿಚಿತರ ಹೆಸರಿನಲ್ಲಿ ಬರುವ ವೈರಸ್: ಆಮಂತ್ರಣ ತೆರೆಯುವ ಮುನ್ನ

ಮದುವೆಯ ಕರೆಯೋಲೆ ಮೊಬೈಲಿಗೆ ಬರುವುದು ಈಗ ಎಲ್ಲ ಮನೆಗಳಲ್ಲೂ ರೂಢಿ. ಹಿರಿಯರು ಖುದ್ದಾಗಿ ಬಂದು ಕರೆಯಬೇಕೆಂಬ ನಿರೀಕ್ಷೆ ಪೂರ್ತಿ ಹೋಗಿಲ್ಲವಾದರೂ, ದೂರದೂರಿನ ನೆಂಟರಿಗೆ ವಾಟ್ಸ್‌ಆ್ಯಪ್ ಇಲ್ಲವೇ ಇಮೇಲ್ ಸಾಕೆಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಇದನ್ನು ವಂಚಕರೂ ಗಮನಿಸಿದ್ದಾರೆ. 2024ರ ನವೆಂಬರ್‌ನಲ್ಲಿ, ಮದುವೆ ಹಂಗಾಮಿನ ನಡುವೆ, ಹಿಮಾಚಲ ಪ್ರದೇಶದ ಸೈಬರ್ ಪೊಲೀಸರು ಇಂಥ ನಕಲಿ ಆಮಂತ್ರಣಗಳ ಬಗ್ಗೆ ಜನರನ್ನು ಎಚ್ಚರಿಸಿದರು. ಆಮಂತ್ರಣವೆಂದು ಬರುವ ಕಡತದ ಹೆಸರು ‘ಎಪಿಕೆ’ ಎಂಬ ಅಕ್ಷರಗಳಲ್ಲಿ ಮುಗಿಯುತ್ತದೆ. ಅದು ಪತ್ರಿಕೆಯಲ್ಲ, ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ಒಂದು ಆ್ಯಪ್. ಒಮ್ಮೆ ಅನುಮತಿ ಕೊಟ್ಟರೆ ಬ್ಯಾಂಕಿನಿಂದ ಬರುವ ಒಟಿಪಿ ಸಂದೇಶಗಳನ್ನು ಓದಬಲ್ಲದು, ಫೋನಿನಲ್ಲಿರುವ ಇತರರಿಗೆ ಅದೇ ‘ಆಮಂತ್ರಣ’ವನ್ನು ಕಳುಹಿಸಬಲ್ಲದು.

ಫೋನ್ ಹೊಸದು, ಉಪಾಯ ಹಳೆಯದು. 2000ದ ಮೇ 4ರಂದು ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯು’ ವೈರಸ್ ಒಂದೆರಡು ದಿನಗಳಲ್ಲಿ ಜಗತ್ತನ್ನೇ ಸುತ್ತಿತು. ಪ್ರೇಮಪತ್ರವೆಂಬ ಹೆಸರಿನ ಒಂದು ಲಗತ್ತು ಇಮೇಲಿನಲ್ಲಿ ಬರುತ್ತಿತ್ತು. ತೆರೆದ ಕೂಡಲೇ ಅದು ಔಟ್‌ಲುಕ್‌ನ ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ತನ್ನನ್ನು ತಾನೇ ಕಳುಹಿಸಿಕೊಳ್ಳುತ್ತಿತ್ತು. ಹಾಗಾಗಿ ಪ್ರತಿಯೊಬ್ಬರಿಗೂ ಆ ಪತ್ರ ಬಂದದ್ದು ಗೊತ್ತಿದ್ದವರಿಂದಲೇ: ಮೇಲಧಿಕಾರಿಯಿಂದ, ಸಹೋದ್ಯೋಗಿಯಿಂದ, ಸೋದರಮಾವನಿಂದ. ಬ್ರಿಟನ್ನಿನ ಸಂಸತ್ತು ತನ್ನ ಇಮೇಲ್ ವ್ಯವಸ್ಥೆಯನ್ನು ಸ್ಥಗಿತಗೊಳಿಸಬೇಕಾಯಿತು. ಅದಕ್ಕೂ ಒಂದು ವರ್ಷ ಮೊದಲು, 1999ರ ಮಾರ್ಚ್‌ನಲ್ಲಿ, ಅಮೆರಿಕದ ‘ಮೆಲಿಸ್ಸಾ’ ವೈರಸ್ ಇದೇ ದಾರಿ ಹಿಡಿದಿತ್ತು. ಅದು ವರ್ಡ್ ಕಡತದಲ್ಲಿ ಅಡಗಿ ಬಂದು ವಿಳಾಸಪಟ್ಟಿಯ ಮೊದಲ 50 ಮಂದಿಗೆ ಹೋಗುತ್ತಿತ್ತು.

ಇಂಥ ವೈರಸ್‌ಗಳು ಬಾಗಿಲು ಒಡೆಯುವುದಿಲ್ಲ. ಮನೆಯವರೇ ಚಿಲಕ ತೆಗೆದು ಒಳಗೆ ಕರೆಯುತ್ತಾರೆ, ಹೊರಗಿನ ದನಿ ಪರಿಚಿತರದ್ದೆಂಬ ಕಾರಣಕ್ಕೆ. ‘ಅಪರಿಚಿತರು ಕಳುಹಿಸಿದ್ದನ್ನು ತೆರೆಯಬೇಡಿ’ ಎಂಬ ಬುದ್ಧಿಮಾತನ್ನು ಬ್ಯಾಂಕುಗಳೂ ಪತ್ರಿಕೆಗಳೂ ಬಹುಕಾಲದಿಂದ ಹೇಳುತ್ತಿವೆ. ಈ ಬಗೆಯ ದಾಳಿಗೆ ಅದು ಅರ್ಧ ಮಾತ್ರ ಉಪಯೋಗದ ಮಾತು.

ಜೈನ ಸಮಾಜ ಇದನ್ನು ವಿಶೇಷವಾಗಿ ಯೋಚಿಸಬೇಕಾಗಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.40 ಲಕ್ಷ, ರಾಜ್ಯದ ಜನಸಂಖ್ಯೆಯ ಶೇಕಡಾ ಒಂದಕ್ಕಿಂತ ಕಡಿಮೆ. ಸಂಖ್ಯೆ ಚಿಕ್ಕದು, ನೆಂಟಸ್ತನದ ಬಲೆ ದಟ್ಟ. ಮೂಡುಬಿದಿರೆಯ ಮನೆಗೂ ಬೆಳಗಾವಿಯ ಮನೆಗೂ ನಡುವೆ ಹೆಚ್ಚೆಂದರೆ ಎರಡು ಮೂರು ಪರಿಚಯಗಳ ಅಂತರ. ಒಂದು ಬಸದಿಯ ಆಡಳಿತ ಸಮಿತಿಯ ಕಾರ್ಯದರ್ಶಿಯ ಫೋನಿನಲ್ಲಿ ಸುತ್ತಮುತ್ತಲಿನ ಬಹುಪಾಲು ಶ್ರಾವಕ ಕುಟುಂಬಗಳ ನಂಬರ್ ಇರುತ್ತದೆ. ಪಂಚಕಲ್ಯಾಣ, ಆರಾಧನೆ, ಚಾತುರ್ಮಾಸದ ಕಲಶ ಸ್ಥಾಪನೆ, ಗೃಹಪ್ರವೇಶ, ಹೀಗೆ ವರ್ಷದುದ್ದಕ್ಕೂ ಪತ್ರಿಕೆಗಳು ಹರಿದಾಡುತ್ತಲೇ ಇರುತ್ತವೆ. ಆ ಒಂದು ಫೋನಿಗೆ ವೈರಸ್ ತಗುಲಿದರೆ ಮುಂದಿನ ಪತ್ರಿಕೆಯನ್ನು ಯಾರೂ ಅನುಮಾನಿಸುವುದಿಲ್ಲ. ಬಸದಿಯಿಂದ ಬಂದದ್ದನ್ನು ಅನುಮಾನಿಸುವುದೇ ತಪ್ಪೆಂದು ಹಿರಿಯರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ವ್ಯಾಪಾರದ ಕುಟುಂಬಗಳಿಗೆ ಅಪಾಯ ಬರುವುದು ಇನ್ನೊಂದು ದಾರಿಯಿಂದ. ‘ಎಮೋಟೆಟ್’ ಎಂಬ ವೈರಸ್ ಸೋಂಕಿತ ಕಂಪ್ಯೂಟರಿನ ಹಳೆಯ ಇಮೇಲ್‌ಗಳನ್ನು ಕದ್ದು, ಆಗಲೇ ನಡೆದಿದ್ದ ಪತ್ರವ್ಯವಹಾರಕ್ಕೇ ಉತ್ತರದಂತೆ ತನ್ನ ಲಗತ್ತನ್ನು ಸೇರಿಸುತ್ತಿತ್ತು. ಬಟ್ಟೆ ಅಂಗಡಿಯವರು ಸಗಟು ವ್ಯಾಪಾರಿಯ ಜೊತೆ ಬಿಲ್ಲಿನ ಬಗ್ಗೆ ಮಾತಾಡುತ್ತಿದ್ದರೆ, ಅದೇ ವಿಷಯದಡಿ ‘ಪರಿಷ್ಕೃತ ಬಿಲ್’ ಬಂದಂತೆ. ವರ್ಡ್ ಕಡತ ತೆರೆದಾಗ ‘ಎನೇಬಲ್ ಕಂಟೆಂಟ್’ ಒತ್ತಿ ಎಂಬ ಸೂಚನೆ ಕಾಣುತ್ತದೆ. ಒತ್ತಿದರೆ ಕಡತದೊಳಗೆ ಅಡಗಿಸಿಟ್ಟ ಮ್ಯಾಕ್ರೋ, ಅಂದರೆ ತಾನಾಗಿ ಓಡುವ ಸಣ್ಣ ಆದೇಶಮಾಲೆ, ಕೆಲಸ ಶುರು ಮಾಡುತ್ತದೆ. 2021ರ ಜನವರಿಯಲ್ಲಿ ಹಲವು ದೇಶಗಳ ಪೊಲೀಸರು ಕೂಡಿ ಈ ಜಾಲವನ್ನು ಮುರಿದರು. ಅದೇ ವರ್ಷದ ನವೆಂಬರ್‌ನಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಇಂಟರ್ನೆಟ್‌ನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಲ್ಲಿ ತಾನಾಗಿಯೇ ತಡೆಯತೊಡಗಿದ ಮೇಲೆ ವಂಚಕರು ಪಾಸ್‌ವರ್ಡ್ ಹಾಕಿದ ಜಿಪ್ ಕಡತದಂಥ ಬೇರೆ ವೇಷಗಳತ್ತ ಹೊರಳಿದರು. ಪಾಸ್‌ವರ್ಡ್ ಅದೇ ಇಮೇಲಿನಲ್ಲಿ ಬರೆದಿರುತ್ತದೆ. ಬೀಗವನ್ನೂ ಕೀಲಿಯನ್ನೂ ಒಂದೇ ಚೀಲದಲ್ಲಿ ಕಳುಹಿಸಿದರೆ ಅದು ಭದ್ರತೆಗಲ್ಲ. ಆ್ಯಂಟಿವೈರಸ್ ಒಳಗೆ ಇಣುಕದಿರಲಿ ಎಂದಷ್ಟೇ.

ಗುರುತಿಸಲು ಇರುವ ಸುಲಭ ಉಪಾಯ ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ನೋಡುವುದು. ಚಿತ್ರವಾದರೆ ಜೆಪಿಜಿ, ಪತ್ರಿಕೆಯಾದರೆ ಸಾಮಾನ್ಯವಾಗಿ ಪಿಡಿಎಫ್. ಎಪಿಕೆ, ಇಎಕ್ಸ್‌ಇ, ವಿಬಿಎಸ್, ಜೆಎಸ್ ಎಂದು ಮುಗಿದರೆ ಅದು ಓದುವ ಕಡತವಲ್ಲ, ಓಡುವ ಕಡತ. ಐ ಲವ್ ಯು ವೈರಸ್ಸಿನ ಹೆಸರಿನಲ್ಲಿ ಮೊದಲು ಟಿಎಕ್ಸ್‌ಟಿ ಎಂದಿತ್ತು, ಅದರ ಮುಂದೆ ವಿಬಿಎಸ್. ವಿಂಡೋಸ್ ಕೊನೆಯ ಭಾಗವನ್ನು ಮರೆಮಾಡುತ್ತಿದ್ದರಿಂದ ಸಾದಾ ಪತ್ರದಂತೆ ಕಂಡಿತು. ಇಷ್ಟು ವರ್ಷಗಳ ನಂತರವೂ ವಿಂಡೋಸ್ ಅದನ್ನು ತಾನಾಗಿ ತೋರಿಸದು. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದನ್ನು ನಾವೇ ಆರಿಸಬೇಕು. ಪಿಡಿಎಫ್ ಎಂದಾಕ್ಷಣ ನಿಶ್ಚಿಂತೆಯೂ ಬೇಡ, ಒಳಗಿನ ಲಿಂಕ್ ಬೇರೆಲ್ಲಿಗೋ ಕರೆದೊಯ್ಯಬಹುದು. ಅನುಮಾನವಿದ್ದರೆ ಕಳುಹಿಸಿದವರಿಗೆ ಫೋನ್ ಮಾಡಿ ಕೇಳುವುದೇ ಮೇಲು. ಮದುವೆಗೆ ಕರೆದವರು ಬೇಸರಪಡಲಾರರು.

ಹಣ ಹೋದರೆ ಒಂದು ನಷ್ಟ. ಐ ಲವ್ ಯು ಚಿತ್ರಗಳ ಕಡತಗಳನ್ನೇ ಅಳಿಸಿ ಆ ಜಾಗದಲ್ಲಿ ತನ್ನ ಪ್ರತಿಯನ್ನು ಇಡುತ್ತಿತ್ತು. ಇಂದಿನ ರಾನ್ಸಂವೇರ್ ಎಲ್ಲ ಕಡತಗಳಿಗೂ ಬೀಗ ಜಡಿದು ಒತ್ತೆಹಣ ಕೇಳುತ್ತದೆ. ಬಸದಿಗಳ ದಾನಿಗಳ ಪಟ್ಟಿ, ಶಾಸನಗಳ ಫೋಟೋ, ತಾಳೆಗರಿಗಳ ಸ್ಕ್ಯಾನ್ ಒಂದೇ ಕಂಪ್ಯೂಟರಿನಲ್ಲಿರುವ ಕಡೆ ಇದರ ಅರ್ಥವೇನೆಂದು ವಿವರಿಸಬೇಕಿಲ್ಲ. ಮೂಡುಬಿದಿರೆಯಲ್ಲಿ ಧವಲಾ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದರಿಂದಲೇ ಅದರ ಪ್ರತಿಗಳೂ ಮುದ್ರಣವೂ ಸಾಧ್ಯವಾದವು. ಶ್ರುತಪಂಚಮಿಯಂದು ಶಾಸ್ತ್ರಭಂಡಾರ ತೆರೆದು ಧೂಳು ಕೊಡವುವ ಪದ್ಧತಿ ಹೇಗೂ ಇದೆ. ಅಂದೇ ಎಲ್ಲ ದಾಖಲೆಗಳ ಒಂದು ಪ್ರತಿಯನ್ನು ಪ್ರತ್ಯೇಕ ಹಾರ್ಡ್‌ಡಿಸ್ಕಿಗೆ ಇಳಿಸಿ, ಅದನ್ನು ಕಂಪ್ಯೂಟರಿನಿಂದ ಬಿಡಿಸಿ ಬೀರುವಿನಲ್ಲಿಟ್ಟರೆ ಹೆಚ್ಚಿನ ಖರ್ಚಿಲ್ಲ. ಜೋಡಿಸಿಯೇ ಇಟ್ಟ ಡಿಸ್ಕನ್ನೂ ರಾನ್ಸಂವೇರ್ ಬಿಡುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ವಿಷಯ ಸಂಕೋಚ. ತಮ್ಮ ಫೋನಿನಿಂದಲೇ ವೈರಸ್ ಹೋಯಿತೆಂದು ಹೇಳಲು ಹಿರಿಯರು ಹಿಂಜರಿಯುತ್ತಾರೆ. ಸಮಿತಿಯವರು ಹೆಸರು ಕೆಡುತ್ತದೆಂದು ಸುಮ್ಮನಾಗಬಹುದು. ಆ ಮೌನದಲ್ಲೇ ಅದು ಇನ್ನೂ ನೂರು ಮನೆ ಸೇರುತ್ತದೆ. 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನ ಪ್ರಕಾರ ವೈರಸ್ ಹರಡಿದವರಿಗೆ 3 ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಆದರೆ ಆ ಶಿಕ್ಷೆ ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದವರಿಗೆ. ಅರಿಯದೆ ಸಾಗಿಸಿದವರು ಅಡಗಿ ಕೂರಬೇಕಾದ ಕಾರಣವಿಲ್ಲ.

ಬೇಗ ಹೇಳುವುದರಲ್ಲಿ ಲಾಭವೂ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕರ ಅಜಾಗ್ರತೆಯಿಂದಲೇ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ಮೊದಲು ಫೋನಿನ ಇಂಟರ್ನೆಟ್ ಆರಿಸಿ, ಬೇರೊಂದು ಫೋನಿನಿಂದ ಬ್ಯಾಂಕಿಗೂ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ತಿಳಿಸಬೇಕು. ಆಮೇಲೆ ಸಂಬಂಧಪಟ್ಟ ಗುಂಪುಗಳಲ್ಲಿ ‘ನಮ್ಮ ನಂಬರಿನಿಂದ ಬಂದ ಪತ್ರಿಕೆ ತೆರೆಯಬೇಡಿ’ ಎಂಬ ಒಂದು ಸಾಲು. ಬಸದಿಯ ಖಾತೆಯಾದರೆ ಬ್ಯಾಂಕಿಗೆ ದೂರನ್ನು ಲಿಖಿತವಾಗಿಯೂ ಕೊಟ್ಟು, ದಿನಾಂಕ ಮತ್ತು ಸಮಯವಿರುವ ಸ್ವೀಕೃತಿ ಪಡೆದು ಸಮಿತಿಯ ಕಡತದಲ್ಲಿ ಇಡಬೇಕು.