ಸರತಿಯ ಸಾಲು ಮತ್ತು ಚರ್ಚಿನ ಬಾಗಿಲು

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿರುವ ನಮ್ಮ ಚರ್ಚಿಗೆ ಭಾನುವಾರ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಲಸಿಗರು. ಮಂಗಳೂರು, ಗೋವೆ, ಕೇರಳ, ಫಿಲಿಪ್ಪೀನ್ಸ್, ನೈಜೀರಿಯಾಗಳಿಂದ ಬಂದ ದಾದಿಯರು, ಆರೈಕೆದಾರರು, ತಂತ್ರಜ್ಞರು. ಬಡಾವಣೆಯ ಹೋಟೆಲೊಂದರಲ್ಲಿ ಆಶ್ರಯ ಕೋರಿದವರನ್ನು ಇರಿಸಬಾರದೆಂಬ ಮನವಿಗೆ ಚರ್ಚಿನ ಸಮಿತಿಯು ಸಹಿ ಹಾಕಲು ತೀರ್ಮಾನಿಸಿದೆ. ಆ ಸಹಿಯನ್ನು ಬೆಂಬಲಿಸುವವರಲ್ಲಿ ನಮ್ಮವರೇ ಮುಂದಿದ್ದಾರೆ. ಈ ವಿಷಯದಲ್ಲಿ ನನ್ನ ಚರ್ಚನ್ನು ನಾನು ಒಪ್ಪಲಾರೆ.

ನೆರೆಹೊರೆಯವರ ದೂರುಗಳೆಲ್ಲ ದ್ವೇಷದಿಂದ ಹುಟ್ಟಿದವಲ್ಲ. ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯಬೇಕು, ಬಾಡಿಗೆ ಏರುತ್ತಲೇ ಇದೆ, ಹೋಟೆಲು ವಸತಿಗೃಹವಾಗುವ ಮುನ್ನ ಊರಿನವರನ್ನು ಯಾರೂ ಕೇಳಲಿಲ್ಲ. ಅಪರಾಧ ಎಸಗಿದವನು ಯಾರೇ ಆಗಲಿ ಶಿಕ್ಷೆಗೆ ಅರ್ಹನೇ. ಇವು ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆಗಳು. ಆದರೆ ನಮ್ಮವರು ಮುಂದಿಡುವ ವಾದ ಬೇರೆ: ‘ನಾವು ಪರೀಕ್ಷೆ ಬರೆದು, ಶುಲ್ಕ ತೆತ್ತು, ಸರತಿಯಲ್ಲಿ ನಿಂತು ಬಂದವರು, ಅವರು ಸಾಲು ಮುರಿದವರು.’

ಈ ವಾದ ನಿಲ್ಲುವುದಿಲ್ಲ, ಏಕೆಂದರೆ ಅವರಲ್ಲಿ ಬಹುತೇಕರಿಗೆ ಸಾಲೇ ಇಲ್ಲ. ಬ್ರಿಟನ್ನಿನಲ್ಲಿ ಆಶ್ರಯ ಕೋರಬೇಕಾದರೆ ಮೊದಲು ಬ್ರಿಟನ್ನಿನ ನೆಲದ ಮೇಲಿರಬೇಕು. ಹೊರದೇಶದಲ್ಲಿ ಕುಳಿತು ಅದಕ್ಕಾಗಿ ಅರ್ಜಿ ಹಾಕುವ ವೀಸಾ ಇಲ್ಲ. ಉಕ್ರೇನ್, ಅಫ್ಘಾನಿಸ್ತಾನಗಳಂಥ ಕೆಲವು ದೇಶದವರಿಗಾಗಿ ಮಾತ್ರ ವಿಶೇಷ ಯೋಜನೆಗಳು ಬಂದವು. ಸೂಡಾನಿನ ಯುವಕನಿಗೆ ನಾವು ನಿಂತಂಥ ಕಿಟಕಿ ಯಾವುದೂ ತೆರೆದಿಲ್ಲ. ‘ಕೂತು ಉಣ್ಣುತ್ತಾರೆ’ ಎಂಬ ಮಾತೂ ಹಾಗೆಯೇ. ಅರ್ಜಿ ಇತ್ಯರ್ಥವಾಗುವವರೆಗೆ ಅವರು ಸಾಮಾನ್ಯವಾಗಿ ದುಡಿಯುವಂತಿಲ್ಲ. ಒಂದು ವರ್ಷ ಕಾದ ಮೇಲಷ್ಟೇ ಅನುಮತಿ ಕೇಳಬಹುದು, ಅದೂ ಆಯ್ದ ಕೆಲಸಗಳಿಗೆ. ಊಟ ನೀಡುವ ಹೋಟೆಲಿನಲ್ಲಿರುವವರ ಕೈಗೆ ಸಿಗುವುದು ವಾರಕ್ಕೆ ಹತ್ತು ಪೌಂಡಿಗೂ ಕಡಿಮೆ.

ಇನ್ನೊಂದು ಸತ್ಯವನ್ನು ನಮ್ಮ ಸಭೆ ಗಮನಿಸಿದಂತಿಲ್ಲ. ಸಿಟ್ಟು ಒಮ್ಮೆ ಬೀದಿಗಿಳಿದರೆ ಯಾರ ವೀಸಾವನ್ನೂ ಪರಿಶೀಲಿಸುವುದಿಲ್ಲ. 2024ರ ಆಗಸ್ಟ್‌ನ ಗಲಭೆಗಳಲ್ಲಿ ರಾದರಂ ಬಳಿಯ ಹೋಟೆಲಿಗೆ ಬೆಂಕಿ ಹಚ್ಚಲು ಹೊರಟಂತೆಯೇ, ಸಂಡರ್ಲೆಂಡಿನಲ್ಲಿ ತುರ್ತು ಕರ್ತವ್ಯಕ್ಕೆ ಹೊರಟಿದ್ದ ಫಿಲಿಪ್ಪೀನ್ಸ್ ಮೂಲದ ದಾದಿಯರ ಮೇಲೂ ಕಲ್ಲು ಬಿದ್ದಿತು. ಅವರು ಸರತಿಯಲ್ಲಿ ಬಂದವರೇ ಆಗಿದ್ದರು. ಕಾನೂನು ಕೂಡ ಅದೇ ದಿಕ್ಕಿಗೆ ವಾಲುತ್ತಿದೆ: 2024ರ ಮಾರ್ಚಿನಿಂದ ಹೊಸದಾಗಿ ಬರುವ ಆರೈಕೆದಾರರು ಕುಟುಂಬವನ್ನು ಕರೆತರುವಂತಿಲ್ಲ, 2025ರ ಜುಲೈಯಲ್ಲಿ ವಿದೇಶದಿಂದ ಅವರ ನೇಮಕಾತಿಯೇ ನಿಂತಿತು, ಕಾಯಂ ವಾಸಕ್ಕೆ ಐದರ ಬದಲು ಹತ್ತು ವರ್ಷ ಕಾಯಿಸುವ ಪ್ರಸ್ತಾವವನ್ನು ಸರ್ಕಾರ ಆ ವರ್ಷದ ಮೇ ತಿಂಗಳಲ್ಲಿ ಮುಂದಿಟ್ಟಿತು. ಬಾಗಿಲು ಮುಚ್ಚಲು ಕೈಜೋಡಿಸಿದವರ ಬೆರಳೂ ಬಾಗಿಲ ಸಂದಿಯಲ್ಲಿ ಸಿಲುಕುತ್ತದೆ.

ಚರ್ಚಿಗೆ ಇದಕ್ಕಿಂತಲೂ ಮಿಗಿಲಾದ ಕಾರಣವಿದೆ. ಪರದೇಶಿಯನ್ನು ಸ್ವದೇಶಿಯಂತೆ ಕಾಣಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ವಿಧಿಸುತ್ತದೆ, ‘ಅವನು ಸರತಿಯಲ್ಲಿ ಬಂದಿದ್ದರೆ’ ಎಂಬ ಷರತ್ತನ್ನು ಸೇರಿಸುವುದಿಲ್ಲ. ಹೆರೋದನಿಂದ ಮಗುವನ್ನು ಉಳಿಸಲು ಈಜಿಪ್ಟಿಗೆ ಓಡಿದ ಕುಟುಂಬವನ್ನು ಪ್ರತಿ ಕ್ರಿಸ್ಮಸ್ಸಿನಲ್ಲಿ ಗೋದಲಿಯಲ್ಲಿ ನಿಲ್ಲಿಸುವವರು ನಾವು. ಇಲ್ಲಿನ ಚರ್ಚುಗಳಿಗೂ ಈ ಪಾಠ ಹೊಸದಲ್ಲ. 1948ರಲ್ಲಿ ವಿಂಡ್ರಶ್ ಹಡಗಿನಿಂದಿಳಿದ ಕೆರಿಬಿಯನ್ ಕ್ರೈಸ್ತರಿಗೂ ಅವರ ಬಳಿಕ ಬಂದವರಿಗೂ ಎದುರಾದ ವರ್ಣಭೇದಕ್ಕಾಗಿ ಚರ್ಚ್ ಆಫ್ ಇಂಗ್ಲೆಂಡ್‌ನ ಮಹಾಸಭೆ ಕ್ಷಮೆ ಕೋರಿದ್ದು 2020ರಲ್ಲಿ, ಎಪ್ಪತ್ತೆರಡು ವರ್ಷಗಳ ನಂತರ. ನಮ್ಮ ಕರಾವಳಿಯ ಕ್ಯಾಥೊಲಿಕರ ಪೂರ್ವಜರಲ್ಲಿ ಬಹಳ ಮಂದಿ ಯುದ್ಧ, ಬರ, ಪೋರ್ಚುಗೀಸರ ಕಿರುಕುಳಗಳಿಂದ ಗೋವೆಯನ್ನು ತೊರೆದವರು. ಕೆಳದಿ ಅರಸರ ನಾಡಿನಲ್ಲಿ ಅವರಿಗೆ ನೆಲೆ ದೊರೆಯಿತು. ಅವರ ಕೈಯಲ್ಲಿ ಯಾವ ಪರವಾನಗಿ ಪತ್ರವಿತ್ತು?

ಸಮಿತಿಯು ಮನವಿ ಬರೆಯುವುದೇ ಆದರೆ ಬೇರೊಂದನ್ನು ಬರೆಯಲಿ: ಅರ್ಜಿಗಳು ಬೇಗ ತೀರ್ಮಾನವಾಗಲಿ, ಕಾಯುವವರಿಗೆ ದುಡಿಯಲು ಅವಕಾಶವಿರಲಿ, ಹೊಸಬರು ಬರುವ ಬಡಾವಣೆಗೆ ಹೆಚ್ಚಿನ ವೈದ್ಯರೂ ಶಾಲಾ ಸ್ಥಾನಗಳೂ ಒದಗಲಿ. ವಾರದ ಬಹುಪಾಲು ಖಾಲಿ ಬಿದ್ದಿರುವ ನಮ್ಮ ಸಭಾಂಗಣದಲ್ಲಿ ಇಂಗ್ಲಿಷ್ ಪಾಠ ನಡೆಯಲಿ. ಈ ಚರ್ಚನ್ನು ನಾನು ಬಿಟ್ಟುಹೋಗುವುದಿಲ್ಲ. ಒಳಗಿದ್ದೇ ಭಿನ್ನಮತ ಹೇಳುವುದು ಸದಸ್ಯನ ಕರ್ತವ್ಯ. ಆದರೆ ಆ ಸಹಿಗಳ ಸಾಲಿನಲ್ಲಿ ಮಾತ್ರ ನಾನು ನಿಲ್ಲಲಾರೆ.